ಮುಂಗೈ ಮುಚ್ಚುವ ತೋಳು

೧೯೬೫, ಅಕ್ಟೋಬರ್ ೧೨. ತೀರ್ಥಹಳ್ಳಿ

ಕವಲೇದುರ್ಗದ ಕಡೆಯಿಂದ ಗುತ್ಯಮ್ಮ ಮಗಳನ್ನು ಕರೆದುಕೊಂಡು ಬಂದಿದ್ದರು. ಬರುವ ವಾರ ಗಂಡಿನವರು ನೋಡಲು ಬರುತ್ತಾರಂತೆ. ಹುಡುಗಿಯದು ದುಂಡು ಮುಖ, ಗಿಡ್ಡ ಕತ್ತು, ತುಂಬಿದ ಭುಜ. ಅದಕ್ಕೆ ತಾಯಿ ಆರಿಸಿದ್ದು ಕತ್ತಿಗೆ ಅಂಟಿ ಕೂರುವ ಅಡ್ಡಿಗೆ, ಅಗಲದ ಬೆಂಡೋಲೆ, ಪುಗ್ಗೆ ತೋಳಿನ ರವಿಕೆ. ಮೂರನ್ನೂ ಹಾಕಿ ನಿಲ್ಲಿಸಿದರೆ ಪಾಪ, ಆ ಹುಡುಗಿ ದೃಷ್ಟಿಗೆ ಕಟ್ಟಿದ ಬೂದುಗುಂಬಳ.

"ಅಡ್ಡಿಗೆ ಪೆಟ್ಟಿಗೇಲೇ ಇರ್ಲಿ. ಉದ್ದ ಸರ ಹಾಕಿ, ಕಿವಿಗೆ ಇಳಿಬೀಳೋ ಲೋಲಾಕು. ರವಿಕೆ ಕೊರಳು ಸ್ವಲ್ಪ ಇಳಿಸ್ತೀನಿ" ಎಂದೆ.

"ಅಯ್ಯೋ, ಅಡ್ಡಿಗೆ ಇಲ್ದಿದ್ರೆ ಮನೇಲಿ ಚಿನ್ನ ಇಲ್ಲ ಅಂದ್ಕಳಲ್ವಾ?"

"ಅವರು ಚಿನ್ನ ನೋಡಕ್ಕೆ ಬರ್ತಾರಾ, ಹುಡುಗೀನ ನೋಡಕ್ಕೆ ಬರ್ತಾರಾ?"

"ಎರಡೂನು" ಎಂದರು ಗುತ್ಯಮ್ಮ, ನಗದೆ.

ಕೊನೆಗೆ ನನ್ನ ಮಾತೇ ನಡೆಯಿತು. ಈ ಊರಿನಲ್ಲಿ ಹೊಲಿಯುವವರು ಬೇಕಾದಷ್ಟು ಜನರಿದ್ದಾರೆ, ಮುಖ ನೋಡಿ ಹೊಲಿಯುವವಳು ನಾನೊಬ್ಬಳೇ. ಜಂಬ ಅನ್ನಿಸಿದರೆ ಅನ್ನಿಸಲಿ, ಇದನ್ನು ಓದುವವಳೂ ನಾನೊಬ್ಬಳೇ.

ನನ್ನದು ಉದ್ದ ಮುಖ. ನಡು ಬೈತಲೆ ತೆಗೆದರೆ ಇನ್ನೂ ಉದ್ದ ಕಾಣುತ್ತದೆಂದು ಓರೆ ಬೈತಲೆ ತೆಗೆಯುತ್ತೇನೆ. ಕಿವಿಗೆ ದುಂಡನೆಯ ಓಲೆ, ಹಣೆಗೆ ಸ್ವಲ್ಪ ದೊಡ್ಡ ಬೊಟ್ಟು. ಕೈಗಳನ್ನು ಮಾತ್ರ ದೇವರು ಪುರಸೊತ್ತಿನಲ್ಲಿ ಮಾಡಿದ್ದಾನೆ. ಆದ್ದರಿಂದ ಮೊಣಕೈ ದಾಟುವ ತೋಳನ್ನು ನಾನು ಎಂದೂ ಹೊಲಿದುಕೊಂಡವಳಲ್ಲ. ಕುಂದು ಮುಚ್ಚಲು ಹೊರಟರೆ ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಚೆಂದ ಇರುವುದನ್ನು ಎತ್ತಿ ತೋರಿಸಬೇಕು. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೂ ಇದನ್ನೇ ಹೇಳುತ್ತೇನೆ.

ಸಂಜೆ ಹೊಸನಗರದಿಂದ ಯಜ್ಞನಾರಾಯಣ ಮಾವ ಬಂದರು. ಅಮ್ಮನ ಅಣ್ಣ, ಅಪ್ಪ ತೀರಿಕೊಂಡ ಮೇಲೆ ನಮಗಿರುವ ಗಂಡು ದಿಕ್ಕು ಅವರೊಬ್ಬರೇ. ಸಾಗರದಲ್ಲಿ ಒಬ್ಬ ಹುಡುಗ ಇದ್ದಾನಂತೆ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಹೆಸರು ಸುಂದರೇಶ. ನನಗೆ ಇಪ್ಪತ್ತನಾಲ್ಕಾಯಿತು. ಅಮ್ಮ ಕೂಡಲೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ತಂಗಿ ಪುಷ್ಪಾ, ಒಂಬತ್ತು ವರ್ಷದ ಅಧಿಕಪ್ರಸಂಗಿ, "ಭಾವನಿಗೆ ಮೀಸೆ ಇದ್ಯಾ ಮಾವ?" ಎಂದು ಕೇಳಿ ಬೈಸಿಕೊಂಡಳು.

ಅಕ್ಟೋಬರ್ ೨೭

ದೀಪಾವಳಿ ಮುಗಿಯಿತು. ಎಣ್ಣೆನೀರಿನ ದಿನ ಅಮ್ಮ ನನ್ನ ಕೈಗೆ ಎಣ್ಣೆ ತಿಕ್ಕುತ್ತಿದ್ದವಳು ಎಡಗೈಗೆ ಬಂದಾಗ ನಿಂತಳು. ಮಣಿಕಟ್ಟಿನ ಮೇಲೆ ಚರ್ಮ ಸ್ವಲ್ಪ ಬಣ್ಣ ಬಿಟ್ಟಿದೆ. ಒಂದು ಚಿಗುರು ವೀಳ್ಯದೆಲೆಯಷ್ಟು ಜಾಗ.

"ಇದು ಯಾವಾಗಿಂದ?"

"ಗೊತ್ತಿಲ್ಲಪ್ಪ. ಮಷಿನ್ ಅಂಚು ತಾಗಿ ತಾಗಿ ಆಗಿರ್ಬೇಕು."

"ತುರಿಸುತ್ತಾ? ಉರಿಯುತ್ತಾ?"

"ಎಂತದೂ ಇಲ್ಲ."

ಅಮ್ಮ ಸೀಗೆಪುಡಿ ತರಲು ಹೋದವಳು ಬಹಳ ಹೊತ್ತು ಬರಲಿಲ್ಲ, ಹಂಡೆಯ ನೀರು ಆರತೊಡಗಿತು. ಬಂದಾಗ ಕಣ್ಣು ಕೆಂಪಗಿತ್ತು. ಹೊಗೆ ಎಂದಳು.

ಇವತ್ತು ಬೆಳಿಗ್ಗೆ ನಾನು ಗಂಡಿನವರು ಬರುವ ದಿನಕ್ಕೆಂದು ರವಿಕೆಯ ಬಟ್ಟೆ ಹಾಸಿಕೊಂಡಿದ್ದೆ. ಅಮ್ಮ ಪಕ್ಕದಲ್ಲಿ ಬಂದು ಕೂತು, "ತೋಳು ಮುಂಗೈ ಮುಚ್ಚೋ ಹಾಗೆ ಹೊಲಿ" ಎಂದಳು. ನಾನು ಜಗಳವಾಡಿದೆ. ಅಜ್ಜಿಯರ ಕಾಲದ ತೋಳು ಅದು, ಸಪೂರ ಕೈಗೆ ಹಾಕಿದರೆ ಕೊಡೆಯ ಕಡ್ಡಿಗೆ ಬಟ್ಟೆ ಸುತ್ತಿದ ಹಾಗೆ ಕಾಣುತ್ತದೆ ಎಂದೆ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಕಣೇ ವರದಾ" ಎಂದಳು. ನನ್ನ ಅಂಗಡಿಯಲ್ಲಿ ನನಗೇ ಗಾದೆ. ಆದರೆ ಅವಳು ಬಟ್ಟೆಯ ಮೇಲಿಂದ ಕೈ ತೆಗೆಯಲೇ ಇಲ್ಲ, ಉದ್ದ ತೋಳಿಗೇ ಗುರುತು ಹಾಕಿದೆ.

ಪುಷ್ಪಾಳ ಹಾಸಿಗೆಯನ್ನು ನನ್ನ ಪಕ್ಕದಿಂದ ತೆಗೆದು ತನ್ನ ಪಕ್ಕಕ್ಕೆ ಹಾಕಿಕೊಂಡಿದ್ದಾಳೆ. ಮದುವೆಯಾಗಿ ಹೋಗುವವಳ ಅಭ್ಯಾಸ ಈಗಲೇ ತಪ್ಪಲಿ ಎಂದು ಕಾರಣ ಕೊಟ್ಟಳು. ಗಂಡಿನವರು ಇನ್ನೂ ಮುಖವನ್ನೇ ನೋಡಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ. ಪುಷ್ಪಾ ಅತ್ತಳು.

ನವೆಂಬರ್ ೨೧

ಬಂದು ಹೋದರು. ಒಪ್ಪಿಗೆ!

ಬದನೆ ಬಣ್ಣದ ಸೀರೆ, ಅದೇ ಬಣ್ಣದ ರವಿಕೆ. ತೋಳು ಉದ್ದವೇ ಇಟ್ಟೆ, ಆದರೆ ಮಣಿಕಟ್ಟಿನ ಹತ್ತಿರ ಎರಡು ಬೆರಳಗಲದ ಜರಿ ಪಟ್ಟಿ ಕೂರಿಸಿದೆ. ಕೈ ತುಂಬಿದ ಹಾಗೆ ಕಾಣುತ್ತದೆ, ಬಳೆಗೂ ಮೆರುಗು. ಹಠಕ್ಕೆ ಬಿದ್ದು ಹೊಲಿದದ್ದು ನಾನು ಹೊಲಿದ ರವಿಕೆಗಳಲ್ಲೇ ಚೆಂದದ್ದಾಯಿತು.

ಹುಡುಗನ ತಾಯಿ ಸತ್ಯಭಾಮಮ್ಮ ನನ್ನ ಗಲ್ಲ ಹಿಡಿದೆತ್ತಿ, "ಹುಡುಗಿ ಮುಖದಲ್ಲಿ ಏನು ಹೊಳಪು!" ಎಂದರು. ಅಮ್ಮ ಕಾಫಿ ಲೋಟಗಳನ್ನು ಒಳಗೊಯ್ದಳು. ಸುಂದರೇಶ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದು.

"ಈ ತೋಳು ನೀವೇ ಯೋಚನೆ ಮಾಡಿ ಹೊಲಿದಿದ್ದಾ?"

"ಹೌದು."

"ಚೆನ್ನಾಗಿದೆ."

ಹಾಡು ಹೇಳು ಅನ್ನಲಿಲ್ಲ, ನಡೆದು ತೋರಿಸು ಅನ್ನಲಿಲ್ಲ, ಹೊಲಿಗೆಯನ್ನು ನೋಡಿದ. ಅವನ ಕಿವಿ ಸ್ವಲ್ಪ ಹೊರಗೆ ಚಾಚಿಕೊಂಡಿದೆ. ಕೂದಲು ಅಷ್ಟು ಗಿಡ್ಡ ಕತ್ತರಿಸಬಾರದು, ಅಂಗಿಯ ಕಾಲರು ಅಗಲ ಇರಬೇಕು. ಮದುವೆಯಾದ ಮೇಲೆ ನಾನೇ ಸರಿಮಾಡುತ್ತೇನೆ. ಇವತ್ತು ನನಗೆ ಬಹಳ ಖುಷಿಯಾಗಿದೆ.

ಡಿಸೆಂಬರ್ ೯

ದಾರಿಯಲ್ಲಿ ಸಿಕ್ಕವರೆಲ್ಲ ಮುಖದ ಕಳೆಯ ಮಾತೇ ಆಡುತ್ತಾರೆ. ಸುಳ್ಳಲ್ಲ. ಸ್ನೋ ಹಚ್ಚದೆಯೇ ಚರ್ಮ ನುಣ್ಣಗೆ ಎಣ್ಣೆ ಸವರಿದ ಹಾಗಿದೆ. ಹಣೆಯಲ್ಲಿದ್ದ ಸಣ್ಣ ಗೆರೆಯೂ ಹೋಗಿದೆ. ಕಿವಿಯ ಹಾಲೆ ತುಂಬಿಕೊಂಡಿದೆ. ಮೊದಲು ಜುಮುಕಿ ಹಾಕಿದರೆ ತೂತು ಜಗ್ಗುತ್ತಿತ್ತು, ಈಗ ಎಷ್ಟು ಭಾರದ್ದಾದರೂ ಗಟ್ಟಿಯಾಗಿ ಕೂರುತ್ತದೆ. ಉದ್ದ ಮುಖಕ್ಕೆ ಅಗಲ ಜುಮುಕಿಯೇ ಸರಿ ಎಂದು ಮೊದಲಿನಿಂದಲೂ ಆಸೆ ಇತ್ತು. ಶೀತ ಒಂದು ಬಿಡುತ್ತಿಲ್ಲ, ಮೂಗು ಕಟ್ಟಿಕೊಂಡೇ ಇದೆ.

ಇವತ್ತು ಒಂದು ನಷ್ಟವಾಯಿತು. ಛತ್ರಕೇರಿಯ ಮದುಮಗಳ ಕೆನೆ ಬಣ್ಣದ ರೇಷ್ಮೆ ರವಿಕೆಯ ಮೇಲೆ ರಕ್ತದ ಕಲೆ. ಒಂದಲ್ಲ, ಅಂಚಿನುದ್ದಕ್ಕೂ. ಸೂಜಿ ಚುಚ್ಚಿರಬೇಕು ಎಂದು ಬೆರಳು ನೋಡಿದರೆ ಎಡಗೈ ಕಿರುಬೆರಳಿನಲ್ಲಿ ತೂತು ತೂತು. ಯಾವಾಗ ಚುಚ್ಚಿತೋ ಗೊತ್ತಾಗಲಿಲ್ಲ. ಮನಸ್ಸು ಸಾಗರದಲ್ಲಿದ್ದರೆ ಹೀಗೇ. ಹೊಸ ಬಟ್ಟೆ ತಂದು ಹೊಲಿದು ಕೊಡಬೇಕು.

೧೯೬೬, ಜನವರಿ ೧೯

ನಿಶ್ಚಿತಾರ್ಥ ಆಯಿತು. ಮದುವೆ ವೈಶಾಖದಲ್ಲಿ, ಮಳೆಗೆ ಮುಂಚೆ. ಅಮ್ಮನಿಗೆ ಅದೂ ತಡವಂತೆ. "ಮಾಘದಲ್ಲೇ ಮುಗಿಸಣ" ಎಂದು ಮಾವನಿಗೆ ದುಂಬಾಲು ಬಿದ್ದಳು. "ಎಂತ ಅವಸರ ಮಾರಾಯ್ತಿ, ಹುಡುಗಿ ಎಲ್ಲಿಗಾದ್ರೂ ಓಡಿಹೋಗ್ತಾಳಾ?" ಎಂದು ಮಾವ ನಕ್ಕರು. ಅಮ್ಮ ನಗಲಿಲ್ಲ.

ಶಿವಮೊಗ್ಗದ ಪೇಟೆ ಹುಡುಗಿಯರು ಹುಬ್ಬಿನ ತುದಿ ಕಿತ್ತು ತೆಳು ಮಾಡಿಕೊಳ್ಳುತ್ತಾರೆ. ನನಗೆ ಕೀಳುವ ಕಷ್ಟವೂ ಇಲ್ಲ, ತಾನಾಗಿಯೇ ಉದುರಿ ತೆಳುವಾಗಿದೆ. ಸ್ವಲ್ಪ ಹೆಚ್ಚೇ ಉದುರಿತು ಅನ್ನಿ. ಕಾಡಿಗೆಯಿಂದ ತುದಿ ಎಳೆದುಕೊಂಡೆ. ಉದ್ದ ಮುಖಕ್ಕೆ ಹುಬ್ಬು ಬಿಲ್ಲಿನಂತೆ ಬಾಗಬಾರದು, ಅಡ್ಡಕ್ಕೆ ಓಡಬೇಕು, ಆಗ ಮುಖ ಅಗಲ ಕಾಣುತ್ತದೆ. ಬರೆದುಕೊಂಡ ಹುಬ್ಬಿನಲ್ಲಿ ಇದೊಂದು ಅನುಕೂಲ, ನಮಗೆ ಬೇಕಾದ ಕಡೆಗೆ ಓಡಿಸಬಹುದು.

ಫೆಬ್ರವರಿ ೬

ಇಸ್ತ್ರಿ ಮಾಡುತ್ತಿದ್ದೆ. ಪುಷ್ಪಾ ಜಗಲಿಯಿಂದ ಓಡಿಬಂದು, "ಅಕ್ಕಾ, ಎಂತದೋ ಸುಟ್ಟ ವಾಸನೆ!" ಎಂದಳು. ಬಟ್ಟೆ ಸುಟ್ಟಿತೆಂದು ಗಾಬರಿಯಿಂದ ಪೆಟ್ಟಿಗೆ ಎತ್ತಿದೆ. ಬಟ್ಟೆ ಚೆನ್ನಾಗಿಯೇ ಇತ್ತು. ಪೆಟ್ಟಿಗೆಯ ಅಂಚು ತಾಗಿದ್ದು ನನ್ನ ಎಡಗೈಗೆ, ಕಿರುಬೆರಳಿನ ಬುಡಕ್ಕೆ. ಬೊಬ್ಬೆ ಎದ್ದಿದೆ.

ಪುಷ್ಪಾ ನನ್ನ ಬದಲಿಗೆ ತಾನೇ ಅತ್ತಳು. ನನಗೆ ಅಳು ಬರಲಿಲ್ಲ. ಚಳಿಗೆ ಕೈ ಮರಗಟ್ಟಿರಬೇಕು. ಗಾಯ ಕಾಣದಂತೆ ಎಲ್ಲ ತೋಳುಗಳಿಗೂ ಒಂದೊಂದು ಅಂಗುಲ ಲೇಸು ಸೇರಿಸಿದೆ. ಬೆರಳಿನವರೆಗೆ ಇಳಿಬೀಳುವ ಲೇಸು ಚೆಂದವೇ ಕಾಣುತ್ತದೆ. ಕಲಿಯುವ ಹುಡುಗಿಯರು ತಮಗೂ ಅಂಥದ್ದೇ ಬೇಕೆಂದು ಹಠ ಹಿಡಿದಿದ್ದಾರೆ. ತೀರ್ಥಹಳ್ಳಿಯ ಅರ್ಧ ಹುಡುಗಿಯರು ಈಗ ನನ್ನ 'ಫ್ಯಾಶನ್' ತೋಳು ಹಾಕಿಕೊಂಡು ಓಡಾಡುತ್ತಿದ್ದಾರೆ!

ಮಾರ್ಚ್ ೨

ಬಳೆಗಾರ್ತಿ ಹುಲಿಗೆಮ್ಮ ಬಂದಿದ್ದಳು. ನನಗೆ ಸಡಿಲ ಬಳೆ ಆಗದು. ಸಪೂರ ಕೈಗೆ ಬಿಗಿ ಬಳೆಯೇ ಲಕ್ಷಣ, ಸಡಿಲವಾದರೆ ಯಾರದೋ ಬಳೆ ಕೇಳಿ ತಂದ ಹಾಗೆ. ಹುಲಿಗೆಮ್ಮ ಎಡಗೈಯನ್ನು ಹಿಂಡಿ, ಮಡಿಸಿ, ಏರಿಸುವಾಗ ಬಳೆ ಮುರಿದು ಚೂರು ಒಳಗೆ ಇಳಿಯಿತು. ನಾನು ಅವಳ ಬುಟ್ಟಿಯಲ್ಲಿದ್ದ ಹಸಿರು ಬಳೆಯನ್ನೂ ಮಾವಿನ ಚಿಗುರು ಬಣ್ಣದ್ದನ್ನೂ ಹೋಲಿಸಿ ನೋಡುತ್ತಿದ್ದೆ.

"ಅಬ್ಬಬ್ಬಾ, ಎಂಥ ಗಟ್ಟಿಗಿತ್ತಿ ಅಕ್ಕೋರೇ ನೀವು! ಬೇರೇರಾಗಿದ್ರೆ ಬೀದಿ ಕೂಡೋ ಹಂಗೆ ಕಿರುಚ್ತಿದ್ರು."

ಆಗ ಕೆಳಗೆ ನೋಡಿದೆ. ಅವಳ ಸೆರಗೆಲ್ಲ ರಕ್ತ. ಅಮ್ಮ ಒಳಗಿನಿಂದ ಓಡಿಬಂದು ನನ್ನ ಕೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹುಲಿಗೆಮ್ಮನಿಗೆ ಒಂದು ಸೇರು ಅಕ್ಕಿ ಕೊಟ್ಟು, ಮದುವೆಗೆ ಬಳೆ ತೊಡಿಸಲು ಸಾಗರದವರೇ ಬರುತ್ತಾರೆಂದು ಹೇಳಿ ಕಳಿಸಿಬಿಟ್ಟಳು. ಹಾಗೆ ಯಾರೂ ಹೇಳಿಲ್ಲ. ಅಮ್ಮ ಸುಳ್ಳು ಹೇಳುವುದನ್ನು ನಾನು ಮೊದಲ ಸಲ ಕೇಳಿದ್ದು.

ಮಾರ್ಚ್ ೧೪

ಬರೆಯಲೇಬೇಕು. ಬರೆಯದಿದ್ದರೆ ಯಾರಿಗೆ ಹೇಳಲಿ?

ಪುಷ್ಪಾಳ ಶಾಲೆಗೆ ಜೀಪಿನಲ್ಲಿ ಕುಷ್ಠರೋಗದ ಸರ್ವೆಯವರು ಬಂದಿದ್ದರಂತೆ. ಚಿತ್ರ ತೋರಿಸಿ ಪಾಠ ಮಾಡಿ, ದೊಡ್ಡ ತರಗತಿಯ ಮಕ್ಕಳ ಮೈಯನ್ನೆಲ್ಲ ಗರಿಯಿಂದ ಮುಟ್ಟಿ ಪರೀಕ್ಷೆ ಮಾಡಿದರಂತೆ. ಪುಷ್ಪಾಳ ತರಗತಿಯ ಸರದಿ ಇನ್ನೂ ಬಂದಿಲ್ಲ, ಅವಳಿಗೆ ಅದೇ ದುಃಖ. ಎಲ್ಲಿಂದಲೋ ಒಂದು ಪಾರಿವಾಳದ ಗರಿ ಹಿಡಿದುಕೊಂಡು ಬಂದಳು.

"ಅಕ್ಕಾ, ನಾನು ಡಾಕ್ಟ್ರು. ನೀನು ಕಣ್ಮುಚ್ಚು. ಗರಿ ತಾಗಿದಲ್ಲಿ ಬೆರಳಿಡ್ಬೇಕು."

ಮಧ್ಯಾಹ್ನದ ಸೆಕೆಗೆ ತೋಳು ಮಡಿಚಿಕೊಂಡು ಕೂತಿದ್ದೆ. ಕಣ್ಣು ಮುಚ್ಚಿದೆ. ಬಲ ಮೊಣಕೈಯನ್ನು ಗರಿಯಿಂದ ಮುಟ್ಟಿದಳು, ಬೆರಳಿಟ್ಟೆ. ಕತ್ತು. ಬೆರಳಿಟ್ಟೆ. ಬಲ ಅಂಗೈ. ಬೆರಳಿಟ್ಟೆ. ಆಮೇಲೆ ಏನೂ ಇಲ್ಲ. ಕಾದೆ. ಹೊರಗೆ ಬಸ್ಸಿನ ಸದ್ದು ಬಂದು ಹೋಯಿತು.

"ಆಡೋದಾದ್ರೆ ಆಡು ಪುಟ್ಟೀ, ನಂಗೆ ಕೆಲಸ ಇದೆ."

"ಆಡ್ತಾನೇ ಇದೀನಲ್ಲ!"

"ಎಲ್ಲಿ?"

"ಇಲ್ಲೇ. ಆಗಿಂದ ಇಲ್ಲೇ ಗೀಚ್ತಾ ಇದೀನಿ."

ಕಣ್ಣು ಬಿಟ್ಟೆ. ಗರಿಯ ಮೊಂಡು ತುದಿಯಿಂದ ನನ್ನ ಎಡ ಮುಂಗೈ ಮೇಲೆ ಗೆರೆ ಎಳೆಯುತ್ತಿದ್ದಳು. ಬಣ್ಣ ಬಿಟ್ಟ ಜಾಗ ಈಗ ಮೊಣಕೈವರೆಗೆ ಹಬ್ಬಿದೆ. ಅದರ ತುಂಬ ಬಿಳಿ ಗೀರು. ನೋಡುತ್ತಿದ್ದೆ, ಅವಳು ಗೀಚುತ್ತಿದ್ದಳು, ಅದು ನನ್ನ ಕೈಯೇ ಅಲ್ಲವೇನೋ ಅನ್ನುವ ಹಾಗಿತ್ತು.

ಪುಷ್ಪಾ ಮಗ್ಗಿ ಹೇಳುವ ರಾಗದಲ್ಲಿ ಪಾಠ ಒಪ್ಪಿಸಿದಳು. "ಬಣ್ಣ ಬಿಟ್ಟ ಮಚ್ಚೆ, ಮುಟ್ಟಿದರೆ ತಿಳಿಯದು. ಕಿವಿಯ ಹಾಲೆ ದಪ್ಪವಾಗುವುದು. ಹುಬ್ಬು ಉದುರುವುದು. ಮುಖ ಹೊಳೆಯು..." ಅಲ್ಲಿ ನಿಂತಳು. ನನ್ನ ಮುಖ ನೋಡಿದಳು. ಗರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ನಾ ಯಾರಿಗೂ ಹೇಳಲ್ಲ ಅಕ್ಕಾ."

ನನಗೆ ಹೆದರಿಕೆಯಾಯಿತು. ಬೇರೆ ಮಾತು ಸಿಗುತ್ತಿಲ್ಲ. ಹೆದರಿಕೆಯಾಯಿತು, ಈಗಲೂ ಆಗುತ್ತಿದೆ.

ಮಾರ್ಚ್ ೧೫

ಎರಡು ರವಿಕೆಗೆ ಗುಂಡಿ ಹಚ್ಚಿದೆ. ಕನ್ನಡಿಗೆ ಟವೆಲು ಹೊದಿಸಿದ್ದೇನೆ, ಧೂಳು ಕೂರುತ್ತದೆ.

ಮಾರ್ಚ್ ೧೭

ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರದಿಂದ ಕಣ್ಣೆತ್ತಲಿಲ್ಲ.

"ನಂಗೆ ದೀಪಾವಳಿಗೇ ಗೊತ್ತಿತ್ತು."

"ಗೊತ್ತಿದ್ದೂ?"

"ನಮ್ಮಮ್ಮನ ತಂಗಿಗೆ ಇದೇ ದೊಡ್ಡ ರೋಗ ಬಂದಿತ್ತು. ಕೊಟ್ಟಿಗೆ ಪಕ್ಕದ ಕೋಣೇಲಿಟ್ಟಿದ್ರು. ನಾನೇ ಬಾಗಿಲ ಕೆಳಗಿಂದ ಊಟದ ತಟ್ಟೆ ತಳ್ತಿದ್ದೆ. ಅವಳಿಗೊಬ್ಬಳಿಗೆ ಅಲ್ಲ, ಆ ಮನೇಲಿ ಯಾರಿಗೂ ಹತ್ತು ವರ್ಷ ಸಂಬಂಧ ಕೂಡಿ ಬರ್ಲಿಲ್ಲ ವರದಾ."

"ಈಗ ಮಾತ್ರೆ ಇದೆಯಂತೆ ಅಮ್ಮ. ಪುಷ್ಪಾನ ಶಾಲೇಲಿ ಹೇಳಿದಾರೆ, ವಾಸಿ ಆಗುತ್ತಂತೆ."

"ಮಾತ್ರೆ ತಗೋಬೇಕಾದ್ರೆ ಹೆಸರು ಬರೆಸ್ಬೇಕು. ಹೆಸರು ಬರೆಸಿದ ದಿನ ಸಾಗರದೋರು ತಾಂಬೂಲ ವಾಪಸು ಕಳಿಸ್ತಾರೆ. ಮದುವೆ ಒಂದಾಗ್ಲಿ. ಆಮೇಲೆ ಅದು ಅವರ ಮನೆ ಸಂಗತಿ."

ಆ ಕೊನೆಯ ಮಾತಿಗೆ ನನಗೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ಸುಂದರೇಶ ಅಂದ 'ಚೆನ್ನಾಗಿದೆ' ನೆನಪಾಯಿತು. ಅವನ ಮನೆಯ ಜಗಲಿ ಹೇಗಿರಬಹುದು, ಮಷಿನನ್ನು ಯಾವ ಕಿಟಕಿಯ ಹತ್ತಿರ ಇಡಬಹುದು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೇನಲ್ಲ. ನನಗೆ ಆ ಮದುವೆ ಬೇಕು. ಬಾಯಿಬಿಟ್ಟು ಬರೆಯುತ್ತೇನೆ, ನನಗೆ ಬೇಕು.

ಕನ್ನಡಿಯ ಟವೆಲು ತೆಗೆದೆ. ಹೊಳಪು ಅಡಗಿಸಲು ಪೌಡರು ಬೇಕು, ಸ್ನೋ ಆಗದು. ಕೂದಲನ್ನು ಕಿವಿಯ ಮೇಲೆ ಇಳಿಸಿ ಬಾಚಬೇಕು. ಜುಮುಕಿ ತೆಗೆದು ಕೆನ್ನೆಸರಪಳಿ ಹಾಕಿದರೆ ನೋಡುವವರ ಕಣ್ಣು ಸರಪಳಿಯ ಹಿಂದೆ ಹೋಗುತ್ತದೆ, ಹಾಲೆಯ ಮೇಲೆ ನಿಲ್ಲುವುದಿಲ್ಲ. ಮುಂಗೈಗೆ ಲೇಸು ಇದ್ದೇ ಇದೆ. ನಾನು ಇದುವರೆಗೆ ಕಲಿತದ್ದೆಲ್ಲ ಇದಕ್ಕೇ ಇರಬೇಕು.

ಮಾರ್ಚ್ ೨೪

ನಿನ್ನೆ ಯುಗಾದಿ. ಅಮ್ಮ ಅಡುಗೆಯಲ್ಲಿದ್ದಳೆಂದು ಪುಷ್ಪಾಳಿಗೆ ನಾನು ನೀರು ಹಾಕಿದೆ. ಬೆನ್ನು ಉಜ್ಜುವಾಗ ಬಲ ಭುಜದ ಹಿಂದೆ, ಕಾಸಿನಷ್ಟಗಲ, ಬಣ್ಣ ಬಿಟ್ಟ ಚರ್ಮ. ಉಜ್ಜಿದೆ, ಹೋಗಲಿಲ್ಲ. ಮೈ ಒರೆಸಿ ಕೂರಿಸಿ, ಅವಳ ಗರಿಯನ್ನೇ ತಂದೆ.

"ಇವತ್ತು ನೀನು ಡಾಕ್ಟ್ರಾ?" ಎಂದು ನಕ್ಕು ಕಣ್ಣು ಮುಚ್ಚಿದಳು.

ಕತ್ತಿನ ಮೇಲೆ ಮುಟ್ಟಿದೆ, ಹೇಳಿದಳು. ಬೆನ್ನ ನಡುವೆ, ಹೇಳಿದಳು. ಆ ಜಾಗಕ್ಕೆ ಗರಿ ತಾಗಿಸಿದೆ. ಕಣ್ಣು ಮುಚ್ಚಿಕೊಂಡು ನಗುತ್ತಾ ಕಾಯುತ್ತಿದ್ದಳು. "ಮುಟ್ಟೇ ಅಕ್ಕಾ, ಚಳಿ ಆಗ್ತಿದೆ" ಎಂದಳು.

ಅಮ್ಮನನ್ನು ಕರೆದು ತೋರಿಸಿದೆ. ಗೋಡೆಗೊರಗಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದು ಇಷ್ಟು: "ಶಾಲೆ ಬಿಡ್ಸಣ. ನೀನು ಜಾಣೆ, ಅವಳಿಗೂ ಕಾಣದ ಹಾಗೆ ಒಂದು ಅಂಗಿ ಹೊಲಿ. ಕತ್ತು ಎತ್ತರ ಇಡು."

ಇವತ್ತು ಬಟ್ಟೆ ಹಾಸಿದೆ. ಹಳದಿ ಹೂವಿನ ಚೀಟಿ ಬಟ್ಟೆ, ಪುಷ್ಪಾಳ ಕಂದು ಬಣ್ಣಕ್ಕೆ ಹೇಳಿ ಮಾಡಿಸಿದ್ದು. ಕತ್ತಿನ ಅಳತೆ ತೆಗೆಯುವಾಗ, "ನಂಗೂ ನಿನ್ನ ತರದ್ದೇನಾ ಅಕ್ಕಾ? ಲೇಸು ಹಾಕ್ತೀಯಾ?" ಎಂದು ಕುಣಿದಳು. ಕತ್ತರಿ ಕೆಳಗಿಟ್ಟೆ. ಅವಳು ದೀಪಾವಳಿಯವರೆಗೂ ನನ್ನ ಹೊದಿಕೆಯೊಳಗೆ, ನನ್ನ ತೋಳಿನ ಮೇಲೆ ತಲೆಯಿಟ್ಟು ಮಲಗಿದ ಮಗು. ಅವಳಿಗೆ ಇದನ್ನು ಕೊಟ್ಟವಳು ನಾನೇ.

ಏಪ್ರಿಲ್ ೮

ಸರ್ವೆಯ ದೊಡ್ಡ ಡಾಕ್ಟರು ನಾಳೆ ಪ್ರವಾಸಿ ಬಂಗಲೆಗೆ ಬರುತ್ತಾರಂತೆ, ಡಂಗುರ ಹೊಡೆದುಕೊಂಡು ಹೋದರು. ಪುಷ್ಪಾಳನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಅಮ್ಮ ಬೇಡವೆಂದು ಅತ್ತಳು, ಮಕ್ಕಳಿಗೆ ಬೇಗ ವಾಸಿಯಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಒಪ್ಪಿಸಿದೆ.

ನನ್ನ ವಿಷಯ ಹೇಳುವುದಿಲ್ಲ. ಅವಳಿಗೆ ಮಾತ್ರೆ ಸಿಗಲಿ, ನನಗೆ ಮದುವೆಯಾಗಲಿ. ಎರಡೂ ಆಗಬಹುದು. ನಾಳೆ ಏನು ಉಡಬೇಕು ಎಂದು ಮೂರು ಸಲ ಪೆಟ್ಟಿಗೆ ತೆಗೆದು ನೋಡಿದೆ.

ಏಪ್ರಿಲ್ ೧೦

ನಿನ್ನೆ ಬೆಳಿಗ್ಗೆ ತಯಾರಾದಷ್ಟು ಮುತುವರ್ಜಿಯಿಂದ ಗಂಡು ನೋಡಲು ಬಂದ ದಿನವೂ ತಯಾರಾಗಿರಲಿಲ್ಲ. ಪೌಡರು ಹಾಕಿ, ಒರೆಸಿ, ಮತ್ತೆ ಹಾಕಿದೆ. ಹುಬ್ಬನ್ನು ಒಂದೇ ಗೆರೆ ಎಳೆಯದೆ ಒಂದೊಂದು ಕೂದಲು ಬರೆದ ಹಾಗೆ ಬರೆದೆ. ಕಿವಿಯ ಮೇಲೆ ಕೂದಲು, ಕೆನ್ನೆಸರಪಳಿ. ಕಣ್ಣಿಗೆ ತಂಪಾದ ತಿಳಿ ನೀಲಿ ಸೀರೆ, ಅದೇ ಬಣ್ಣದ ಉದ್ದ ತೋಳು. ಬಂಗಲೆಯ ಜಗಲಿಯಲ್ಲಿ ಕಾಯುತ್ತಿದ್ದವರು ನನಗೆ ಜಾಗ ಬಿಟ್ಟರು. ಯಾರೋ ನರ್ಸಮ್ಮ ಎಂದುಕೊಂಡಿರಬೇಕು.

ಡಾಕ್ಟರು ವಯಸ್ಸಾದವರು, ಬಹಳ ದಣಿದಿದ್ದರು. ಪುಷ್ಪಾಳ ಭುಜವನ್ನು ನೋಡಿ, ಗರಿ ಆಡಿಸಿ, ನಿಟ್ಟುಸಿರು ಬಿಟ್ಟರು.

"ಹೆದರಬೇಡಿ, ಈಗಷ್ಟೇ ಶುರು. ಮಾತ್ರೆ ತಪ್ಪಿಸದೆ ಕೊಟ್ರೆ ವಾಸಿಯಾಗುತ್ತೆ. ಆದ್ರೆ ಈ ಮಗುವಿಗೆ ಯಾರಿಂದಲೋ ಬಂದಿದೆ ಅಮ್ಮಾ. ಬಹಳ ದಿನ ಹತ್ತಿರ ಇದ್ದೋರಿಂದ ಬರೋದು. ಮನೇಲಿ ಯಾರಿಗಾದ್ರೂ ಇದೆಯಾ?"

"ಇಲ್ಲ."

"ನಿಮ್ಮ ಕೈ ಕೊಡಿ."

ಬಲಗೈ ಚಾಚಿದೆ. ಗರಿ ತಾಗಿದಲ್ಲೆಲ್ಲ ತಪ್ಪದೆ ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಪುಷ್ಪಾ, ಯಾರೂ ಕೇಳದೆಯೇ, "ನಮ್ಮಕ್ಕಂಗೆ ಎಂತದೂ ಇಲ್ಲ" ಎಂದಳು. ಡಾಕ್ಟರು ನಕ್ಕು ಅವಳ ತಲೆ ಸವರಿದರು.

"ನೀವು ಎಷ್ಟು ಚೊಕ್ಕಟವಾಗಿದೀರ, ನಿಮ್ಮನ್ನ ನೋಡಿದ್ರೇ ಧೈರ್ಯ ಬರುತ್ತೆ. ಯಾರಿಂದ ಬಂತು ಅಂತ ಗೊತ್ತಾಗೋವರೆಗೂ ಮಗೂನ ಬೇರೆ ಯಾರ ಹತ್ತಿರಾನೂ ಬಿಡಬೇಡಿ. ನೀವೇ ಊಟ ಮಾಡಿಸಿ, ನಿಮ್ಮ ಪಕ್ಕದಲ್ಲೇ ಮಲಗಿಸ್ಕೊಳ್ಳಿ."

ಸರಿ ಎಂದೆ. ಮಾತ್ರೆಯ ಪೊಟ್ಟಣ ತೆಗೆದುಕೊಂಡು ಮನೆಗೆ ಬಂದೆ. ಗೆದ್ದೆ ಎಂದು ಅನ್ನಿಸಿತ್ತು. ದಾರಿಯುದ್ದಕ್ಕೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಬರೆಯಲಿ.

ಬಂದವಳು ಸೀರೆ ಬದಲಿಸುತ್ತಿದ್ದೆ. ಪುಷ್ಪಾ ತನ್ನ ಹಾಸಿಗೆಯನ್ನು ಅಮ್ಮನ ಕೋಣೆಯಿಂದ ದರದರ ಎಳೆದುಕೊಂಡು ಬಂದು ನನ್ನದರ ಪಕ್ಕದಲ್ಲಿ ಹಾಸಿದಳು. ಅಮ್ಮ ಗದರಿದಳು. "ಡಾಕ್ಟ್ರೇ ಹೇಳಿದಾರೆ! ಕೇಳು ಬೇಕಾದ್ರೆ!" ಎಂದು ಹಾಸಿಗೆಯ ಮೇಲೆ ಕೂತು, ನನಗಾಗಿ ದಿಂಬನ್ನು ತಟ್ಟಿ ಸರಿಮಾಡಿದಳು.

ನಾನು ಬಚ್ಚಲಿಗೆ ಹೋಗಿ ಮುಖ ತೊಳೆದೆ. ಪೌಡರು ಹೋಯಿತು, ಹುಬ್ಬು ಹೋಯಿತು. ಸರಪಳಿ ತೆಗೆದು, ಕೂದಲನ್ನೆಲ್ಲ ಹಿಂದಕ್ಕೆ ಎಳೆದು ಕಟ್ಟಿದೆ. ಪೆಟ್ಟಿಗೆಯ ತಳದಲ್ಲಿದ್ದ ಗಿಡ್ಡ ತೋಳಿನ ಹಳೆಯ ರವಿಕೆ ಹಾಕಿಕೊಂಡೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹೊಸಿಲು ದಾಟಿದ್ರೆ ಇಬ್ಬರ ಬಾಳೂ ಹೋಯ್ತು."

"ಅವಳ ಬಾಳು ಉಳೀಲಿ ಅಂತಾನೇ ಹೋಗ್ತಿದೀನಿ. ದಾರಿ ಬಿಡಮ್ಮ."

ಬಿಡಲಿಲ್ಲ. ನಾನು ಅವಳ ತೋಳು ಹಿಡಿದು ಸರಿಸಿದೆ. ಹುಟ್ಟಿದ ಮೇಲೆ ಅಮ್ಮನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

ಪುಷ್ಪಾಳನ್ನೂ ಕರೆದುಕೊಂಡು ಬಂಗಲೆ ತಲುಪಿದಾಗ ಜೀಪು ಹೊರಡುವುದರಲ್ಲಿತ್ತು. ಡಾಕ್ಟರು ನನ್ನ ಗುರುತು ಹಿಡಿಯಲಿಲ್ಲ, ಪುಷ್ಪಾಳನ್ನು ನೋಡಿದ ಮೇಲೆ ಹಿಡಿದರು. ಏನೂ ಬೈಯಲಿಲ್ಲ. ಹೆಸರು ಕೇಳಿದರು, ಹೇಳಿದೆ. ಕೈ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾರೆ ಎಂದರು. ಇವತ್ತು ಯಜ್ಞನಾರಾಯಣ ಮಾವ ಹೊಸನಗರದಿಂದ ಸಾಗರಕ್ಕೆ ಹೋಗಿದ್ದಾರೆ, ಸತ್ಯಭಾಮಮ್ಮನವರಿಗೆ ವಿಷಯ ತಿಳಿಸಲು. ಅಂಗಡಿಗೆ ಬೆಳಿಗ್ಗೆಯಿಂದ ಯಾರೂ ಬಂದಿಲ್ಲ. ಒಬ್ಬ ಹುಡುಗಿಯ ತಾಯಿ ಬೀದಿಯಲ್ಲೇ ನಿಂತು, ಹೊಲಿದಿದ್ದರೂ ಸರಿ ಬಿಟ್ಟಿದ್ದರೂ ಸರಿ, ಬಟ್ಟೆ ಹೊರಗಿಡಿ ಎಂದಳು. ಇಟ್ಟೆ.

ನಿನ್ನೆ ಎರಡನೆಯ ಸಲ ಬಂಗಲೆಗೆ ಹೋಗುವ ದಾರಿಯ ಮಾತೊಂದು ಬರೆಯದೆ ಉಳಿದಿದೆ. ಛತ್ರಕೇರಿಯ ಬಾಗಿಲು ಬಾಗಿಲಿನಲ್ಲೂ ಜನ ನಿಂತು ನನ್ನ ಮುಖವನ್ನೂ ಕೈಯನ್ನೂ ನೋಡುತ್ತಿದ್ದರು. ನಾನು ತಲೆ ಎತ್ತಿಕೊಂಡೇ ನಡೆದೆ. ಪೇಟೆಯ ತಿರುವಿನಲ್ಲಿ ಪುಷ್ಪಾ ಅಳುದನಿಯಲ್ಲಿ, "ಅಕ್ಕಾ, ನೀ ಯಾಕೆ ನನ್ನ ಕೈ ಹಿಡ್ಕೊಳ್ತಿಲ್ಲ?" ಎಂದಳು. ಕೆಳಗೆ ನೋಡಿದೆ. ಮನೆಯ ಹೊಸಿಲಿನಿಂದ ಅಲ್ಲಿಯವರೆಗೂ ಅವಳು ನನ್ನ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದಿದ್ದಳು.